ಹಳೆಯ ಹಾಲಿವುಡ್ ಫ್ಯಾನ್ ಪತ್ರಿಕೆಗಳಲ್ಲಿ ಹುಡುಕುವುದು, ಓದುವುದು, ಪರೀಕ್ಷಿಸುವುದು: ಹಂತ ಹಂತದ ಮಾರ್ಗದರ್ಶಿ

"ಫೋಟೋಪ್ಲೇ ಪತ್ರಿಕೆಯಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ." ಇಲ್ಲವೇ, "ಹೆಸರು ಹಾಕಿದೆ, ಸಾವಿರಾರು ಪುಟ ಬಂತು, ತಲೆಕೆಟ್ಟು ಬಿಟ್ಟುಬಿಟ್ಟೆ." ಹಳೆಯ ಸಿನಿಮಾ ಹುಚ್ಚಿನ ಗೆಳೆಯರು ನನಗೆ ಹೇಳುವುದು ಬಹುಪಾಲು ಈ ಎರಡರಲ್ಲಿ ಒಂದು. ಮೂರನೆಯ ಗುಂಪಿನವರು ದೂರುವುದೇ ಇಲ್ಲ. ಅವರಿಗೆ ಬೇಕಾದ್ದು ಸಿಕ್ಕಿದೆ, ಹಾಗೇ ನಂಬಿ ಬರೆದೂ ಬಿಟ್ಟಿದ್ದಾರೆ. ನನಗೆ ಜಾಸ್ತಿ ಚಿಂತೆ ಇವರದ್ದೇ.

ಮೂವರೂ ಎಡವುವುದು ಒಂದೇ ಕಡೆ. ಹೆಸರು ಟೈಪ್ ಮಾಡಿ ಎಂಟರ್ ಒತ್ತುವುದೇ ಮೊದಲ ಹೆಜ್ಜೆ ಅಂದುಕೊಂಡಿರುತ್ತಾರೆ. ಅದು ಮೂರನೆಯ ಹೆಜ್ಜೆ. ಇಡೀ ಕೆಲಸವನ್ನು ಒಬ್ಬ ನಟನನ್ನು ಹಿಡಿದು ತೋರಿಸುತ್ತೇನೆ: ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿ, ಹಾಲಿವುಡ್ ತಲುಪಿದ ಸಾಬು. ನಮ್ಮ ಕಬಿನಿ ತೀರದ ಹುಡುಗ ಅನ್ನುವುದು ಒಂದು ಕಾರಣ. ಹುಡುಕುವವರನ್ನು ಕಾಡುವ ಹೆಚ್ಚಿನ ತೊಡಕುಗಳು ಅವನೊಬ್ಬನಲ್ಲೇ ಸಿಗುತ್ತವೆ ಅನ್ನುವುದು ಇನ್ನೊಂದು.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. ಈ ಪತ್ರಿಕೆಗಳ ಪುಟ ದೊಡ್ಡದು, ಒಂದೊಂದು ಪುಟದಲ್ಲಿ ಮೂರು ಕಾಲಂ, ಅಕ್ಷರ ಇರುವೆ ಸಾಲು. ಫೋನಿನಲ್ಲಿ ಓದಲು ಹೋದರೆ ಕಾಲು ಗಂಟೆಗೇ ಸಾಕಾಗುತ್ತದೆ.

ಜಾಗ ಯಾವುದು? ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಕಡೆಯಿಂದ ನಡೆಯುತ್ತಿದೆ. ಅದರ ಹುಡುಕಾಟದ ಸೌಲಭ್ಯದ ಹೆಸರು ಲ್ಯಾಂಟರ್ನ್, 2013ರಲ್ಲಿ ಶುರುವಾಯಿತು. ಸ್ಕ್ಯಾನ್ ಮಾಡಿದ ಪುಟಗಳು ಇರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಓದಲು ಖಾತೆ ತೆರೆಯಬೇಕಿಲ್ಲ.

ಮೂರನೆಯದು ಒಂದು ಸ್ಪ್ರೆಡ್‌ಶೀಟ್, ಏಳು ಕಾಲಂ: ಪತ್ರಿಕೆ, ಸಂಚಿಕೆಯ ತಿಂಗಳು ಮತ್ತು ವರ್ಷ, ಅಚ್ಚಾದ ಪುಟಸಂಖ್ಯೆ, ಸ್ಕ್ಯಾನ್ ಪುಟದ ಲಿಂಕ್, ಬರೆದವರ ಹೆಸರು, ಏನು ಹೇಳಿದೆ, ನನ್ನ ಅನುಮಾನ. ಕೊನೆಯ ಕಾಲಂ ಬೇಡ ಅನಿಸಬಹುದು. ಅದನ್ನೇ ನೀವು ಜಾಸ್ತಿ ತುಂಬಿಸುತ್ತೀರಿ, ನೋಡಿ.

ಹಂತ 1: ಹುಡುಕುವ ಮೊದಲು ವರ್ಷಗಳ ಪಟ್ಟಿ ಬರೆಯಿರಿ

ವ್ಯಕ್ತಿಯ ಬದುಕಿನ ಖಚಿತ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಬುವಿನದು ಹೀಗಿದೆ: 1937ರಲ್ಲಿ ಮೊದಲ ಚಿತ್ರ 'ಎಲಿಫೆಂಟ್ ಬಾಯ್', 1938ರಲ್ಲಿ 'ದಿ ಡ್ರಮ್', 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್', 1944ರಲ್ಲಿ ಅಮೆರಿಕದ ಪೌರತ್ವ ಮತ್ತು ಅಲ್ಲಿನ ಸೇನೆಯ ವಾಯುದಳ, 1948ರಲ್ಲಿ ಮದುವೆ, 1963ರಲ್ಲಿ ಸಾವು.

ಈ ಪಟ್ಟಿ ನೋಡಿದರೇ ಒಂದು ಸಂಗತಿ ತಿಳಿಯುತ್ತದೆ. ಮೊದಲ ಎರಡು ಚಿತ್ರ ಬ್ರಿಟನ್ನಿನವು. 'ಬಾಗ್ದಾದ್' ಶುರುವಾದದ್ದು ಇಂಗ್ಲೆಂಡಿನಲ್ಲಿ, ಯುದ್ಧ ಬಂದದ್ದರಿಂದ ಮುಗಿದದ್ದು ಹಾಲಿವುಡ್‌ನಲ್ಲಿ. ಹಾಗಾದರೆ 1937-38ಕ್ಕೆ 'ಪಿಕ್ಚರ್‌ಗೋಯರ್'ನಂಥ ಬ್ರಿಟಿಷ್ ಪತ್ರಿಕೆಗಳನ್ನೂ ನೋಡಬೇಕು, 1940ರಿಂದ ಅಮೆರಿಕದ ಫ್ಯಾನ್ ಪತ್ರಿಕೆಗಳ ಮೇಲೆ ಒತ್ತು ಕೊಡಬೇಕು. ಇಷ್ಟು ಯೋಚಿಸದೆ ಎಲ್ಲ ವರ್ಷಗಳನ್ನೂ ಜಾಲಾಡಿದರೆ ಸುಮ್ನೆ ಸುಸ್ತು.

ಈಗ ತುಂಬ ಜನ ಜಾರುವ ಕಡೆಗೆ ಬರೋಣ. ಮುಖಪುಟದಲ್ಲಿರುವ ತಿಂಗಳು ಸುದ್ದಿಯ ತಿಂಗಳಲ್ಲ. ಮಾಸಪತ್ರಿಕೆಗಳು ಮುಖಪುಟದ ತಿಂಗಳಿಗಿಂತ ಮುಂಚೆಯೇ ಅಂಗಡಿಗೆ ಬರುತ್ತಿದ್ದವು. ಲೇಖನ ಬರೆದದ್ದು ಅದಕ್ಕೂ ವಾರಗಟ್ಟಲೆ ಮೊದಲು. ಮೂಕಿ ಚಿತ್ರಗಳ ತಾರೆ ರುಡಾಲ್ಫ್ ವ್ಯಾಲೆಂಟಿನೋ ತೀರಿಕೊಂಡದ್ದು 1926ರ ಆಗಸ್ಟ್ 23ರಂದು. ಸೆಪ್ಟೆಂಬರ್ ಸಂಚಿಕೆಯಲ್ಲಿ ಶ್ರದ್ಧಾಂಜಲಿ ಹುಡುಕಿ "ಪತ್ರಿಕೆ ಅವನನ್ನು ಕಡೆಗಣಿಸಿತು" ಅಂತ ತೀರ್ಮಾನಿಸಿದರೆ ತಪ್ಪು ನಿಮ್ಮದು. ಘಟನೆಯ ತಿಂಗಳಿಗೆ ಎರಡರಿಂದ ನಾಲ್ಕು ತಿಂಗಳು ಕೂಡಿಸಿ ಹುಡುಕಿ. ಲೇಖನದಲ್ಲಿ "ಕಳೆದ ವಾರ ಅವರನ್ನು ಸೆಟ್‌ನಲ್ಲಿ ಕಂಡೆ" ಎಂದಿದ್ದರೆ ಅಷ್ಟೇ ತಿಂಗಳು ಕಳೆದು ಲೆಕ್ಕ ಹಾಕಿ.

ಹಂತ 2: ಯಾವ ಪತ್ರಿಕೆ ಎಂದು ಮೊದಲೇ ಆರಿಸಿ

ಎರಡು ಜಾತಿಯ ಪತ್ರಿಕೆಗಳಿವೆ. ಪ್ರೇಕ್ಷಕರಿಗಾಗಿ ಬರುತ್ತಿದ್ದವು ಫ್ಯಾನ್ ಪತ್ರಿಕೆಗಳು: ಫೋಟೋಪ್ಲೇ, ಮೋಷನ್ ಪಿಕ್ಚರ್, ಸ್ಕ್ರೀನ್‌ಲ್ಯಾಂಡ್, ಮಾಡರ್ನ್ ಸ್ಕ್ರೀನ್. ಥಿಯೇಟರ್ ಮಾಲೀಕರಿಗೆ, ವಿತರಕರಿಗೆ ಬರುತ್ತಿದ್ದವು ಉದ್ಯಮದ ಪತ್ರಿಕೆಗಳು: ವೆರೈಟಿ, ಫಿಲ್ಮ್ ಡೈಲಿ, ಮೂವಿಂಗ್ ಪಿಕ್ಚರ್ ವರ್ಲ್ಡ್, ಮೋಷನ್ ಪಿಕ್ಚರ್ ಹೆರಾಲ್ಡ್. ತಾರೆಯ ಮನೆಯ ಪರದೆ ಯಾವ ಬಣ್ಣ ಎಂದು ಹೇಳುವುದು ಮೊದಲನೆಯದು. ಚಿತ್ರ ಯಾವ ದಿನ ಶುರುವಾಯಿತು, ಎಷ್ಟು ರೀಲು, ಎಲ್ಲಿ ಓಡಿತು ಎಂದು ಹೇಳುವುದು ಎರಡನೆಯದು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋಗಬೇಡಿ.

ಪತ್ರಿಕೆಗಳ ಆಯಸ್ಸನ್ನೂ ಗಮನಿಸಿ. ಮೂವಿಂಗ್ ಪಿಕ್ಚರ್ ವರ್ಲ್ಡ್ ಬಂದದ್ದು 1907ರಿಂದ 1927ರವರೆಗೆ ಮಾತ್ರ, ಅದರಲ್ಲಿ ಸಾಬುವನ್ನು ಹುಡುಕಿ ಫಲವಿಲ್ಲ. ಮಾಡರ್ನ್ ಸ್ಕ್ರೀನ್ ಶುರುವಾದದ್ದೇ 1930ರಲ್ಲಿ. ಫೋಟೋಪ್ಲೇ 1911ರಲ್ಲಿ ಶಿಕಾಗೋದಲ್ಲಿ ಹುಟ್ಟಿತು. ಅದೇ ವರ್ಷ ಬಂದ ಮೋಷನ್ ಪಿಕ್ಚರ್ ಸ್ಟೋರಿ ಮ್ಯಾಗಜಿನ್ 1914ರಲ್ಲಿ 'ಸ್ಟೋರಿ' ಕಳಚಿಕೊಂಡು ಮೋಷನ್ ಪಿಕ್ಚರ್ ಮ್ಯಾಗಜಿನ್ ಆಯಿತು. ಹೊಸ ಹೆಸರಿನಲ್ಲಿ ಹಳೆಯ ಸಂಪುಟ ಹುಡುಕಿ "ಇಲ್ಲ" ಅಂದವರು ಎಷ್ಟೋ ಜನ.

ಹಂತ 3: ಈಗ ಹೆಸರು ಟೈಪ್ ಮಾಡಿ, ಆದರೆ ಒಂದೇ ಹೆಸರಲ್ಲ

ಲ್ಯಾಂಟರ್ನ್‌ನಲ್ಲಿ ಹೆಸರನ್ನು ಇಂಗ್ಲಿಷಿನಲ್ಲೇ ಹಾಕಬೇಕು. ಎರಡು ಪದದ ಹೆಸರಿದ್ದರೆ ಉದ್ಧರಣ ಚಿಹ್ನೆಗಳ ಒಳಗೆ ಹಾಕಿ. ಇಲ್ಲದಿದ್ದರೆ ನಟಿ ಜೋನ್ ಕ್ರಾಫರ್ಡ್ ಹೆಸರು ಹಾಕಿದಾಗ ಪುಟದ ಈ ಮೂಲೆಯಲ್ಲಿರುವ ಜೋನ್ ಮತ್ತು ಆ ಮೂಲೆಯಲ್ಲಿರುವ ಕ್ರಾಫರ್ಡ್ ಕೂಡ ನಿಮ್ಮ ಪಟ್ಟಿಗೆ ಬರುತ್ತಾರೆ. ಆಮೇಲೆ ವರ್ಷಗಳ ಮಿತಿ ಹಾಕಿ. ಮೊದಲ ಹಂತದ ಹಾಳೆ ಕೆಲಸಕ್ಕೆ ಬರುವುದು ಇಲ್ಲೇ.

ನೆನಪಿಡಿ, ಯಂತ್ರ ಹುಡುಕುವುದು ಪುಟದ ಚಿತ್ರದಲ್ಲಿ ಅಲ್ಲ, ಚಿತ್ರದಿಂದ ಯಂತ್ರವೇ ಓದಿ ತೆಗೆದ ಅಕ್ಷರಗಳಲ್ಲಿ. ಆ ಓದು ಎಷ್ಟೋ ಕಡೆ ತಪ್ಪು. ಹಳದಿಗಟ್ಟಿದ ಕಾಗದ, ಅಲಂಕಾರದ ಅಕ್ಷರ, ಫೋಟೋ ಮೇಲೆ ಬಿದ್ದ ಶೀರ್ಷಿಕೆ, ಇವೆಲ್ಲ ಯಂತ್ರಕ್ಕೆ ಕಷ್ಟ. ಇಂಗ್ಲಿಷಿನ ಆರ್ ಮತ್ತು ಎನ್ ಒತ್ತಿಕೊಂಡು ಬಂದರೆ ಅದಕ್ಕೆ ಎಮ್ ಥರ ಕಾಣುತ್ತದೆ. ಹಾಗಾಗಿ ನಿರ್ದೇಶಕ ಸ್ಟರ್ನ್‌ಬರ್ಗ್ ಒಮ್ಮೊಮ್ಮೆ ಸ್ಟೆಮ್‌ಬರ್ಗ್ ಆಗಿ ಅಡಗಿ ಕೂತಿರುತ್ತಾನೆ. ಆ ತಪ್ಪು ಸ್ಪೆಲಿಂಗನ್ನೂ ಹಾಕಿ ನೋಡಿ. ನಾನು ತಮಾಷೆ ಮಾಡುತ್ತಿಲ್ಲ, ಒಳ್ಳೆಯ ಪುಟಗಳು ಹಾಗೇ ಸಿಗುವುದು.

ಆಮೇಲೆ ಬದಲಾದ ಹೆಸರುಗಳು. ಜೋನ್ ಕ್ರಾಫರ್ಡ್ ಎಂಬ ಹೆಸರು ಹುಟ್ಟಿದ್ದು 1925ರಲ್ಲಿ, 'ಮೂವೀ ವೀಕ್ಲಿ' ಎಂಬ ಪತ್ರಿಕೆ ಓದುಗರಿಗೆ ಇಟ್ಟ ಹೆಸರಿಡುವ ಸ್ಪರ್ಧೆಯಿಂದ. ಅದಕ್ಕೂ ಮುಂಚೆ ಅವಳು ಲೂಸಿಲ್ ಲಸ್ಯೂರ್. ಹೆಂಗಸರನ್ನು ಗಂಡನ ಹೆಸರಿನಲ್ಲೂ ಹುಡುಕಿ. ಮೂಕಿ ಕಾಲದ ದೊಡ್ಡ ನಿರ್ದೇಶಕಿ ಲೋಯಿಸ್ ವೆಬರ್ ಮತ್ತು ಅವಳ ಗಂಡ ಫಿಲಿಪ್ಸ್ ಸ್ಮಾಲಿಯನ್ನು ಪತ್ರಿಕೆಗಳು ಸೇರಿಸಿ "ಸ್ಮಾಲಿಗಳು" ಎನ್ನುತ್ತಿದ್ದವು. ವೆಬರ್ ಎಂದಷ್ಟೇ ಹುಡುಕಿದರೆ ಅವಳ ಅರ್ಧ ಕೆಲಸ ಕೈತಪ್ಪುತ್ತದೆ.

ಸಾಬುವಿನ ತೊಂದರೆ ಬೇರೆ. ಹೆಸರು ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಮುಂದೆ-ಹಿಂದೆ ಏನೂ ಇಲ್ಲ. ಈಗ ಕೆಲವರು ಬಳಸುವ 'ಸಾಬು ದಸ್ತಗೀರ್' ಎಂಬ ಹೆಸರು ಹಾಕಿ ಹುಡುಕುತ್ತೀರಾ? ಆಗಿನ ಪತ್ರಿಕೆಗಳಲ್ಲಿ ಅವನು ಬಹುಪಾಲು ಬರೀ ಸಾಬು. ದಸ್ತಗೀರ್ ಅವನ ಅಣ್ಣನ ಹೆಸರು. ಅದರ ಬದಲು ಜೊತೆಗೆ ಬರಬಹುದಾದ ಪದ ಸೇರಿಸಿ: ಅವನ ಚಿತ್ರಗಳ ನಿರ್ಮಾಪಕ ಕೋರ್ಡಾ, ಮೈಸೂರು, ಆನೆ, ಚಿತ್ರದ ಹೆಸರು. ಮಹಾರಾಜ ಎನ್ನುವುದಕ್ಕೆ ಕೊನೆಯಲ್ಲಿ ಎಚ್ ಇರುವ ಸ್ಪೆಲಿಂಗೂ ಇಲ್ಲದ ಸ್ಪೆಲಿಂಗೂ ಎರಡೂ ಓಡುತ್ತಿದ್ದವು, ಎರಡನ್ನೂ ಹಾಕಿ.

ಇನ್ನೊಂದು ಪದ ನಮಗೆ ವಿಚಿತ್ರ ಅನಿಸುತ್ತದೆ. ಆ ಕಾಲದ ಅಮೆರಿಕನ್ನರು ಭಾರತದಿಂದ ಬಂದವರನ್ನೆಲ್ಲ ಧರ್ಮ ನೋಡದೆ "ಹಿಂದೂ" ಎನ್ನುತ್ತಿದ್ದರು. 'ಇಂಡಿಯನ್' ಅಂದರೆ ಅವರಿಗೆ ಅಲ್ಲಿನ ಮೂಲನಿವಾಸಿಗಳು. ಸಾಬು ಮುಸ್ಲಿಂ ಮಾವುತನ ಮಗ. ಆದರೂ ಹುಡುಕುವಾಗ ಆ ಪದ ಹಾಕಲೇಬೇಕು. ಬರೆಯುವಾಗ ಮಾತ್ರ ಅದನ್ನು ಅವನ ಧರ್ಮದ ಸಾಕ್ಷಿ ಮಾಡಿಕೊಳ್ಳಬೇಡಿ.

ಹಂತ 4: ಸಿಕ್ಕಿದ ತುಣುಕನ್ನು ಬಿಟ್ಟು ಪುಟಕ್ಕೆ ಹೋಗಿ

ಫಲಿತಾಂಶದಲ್ಲಿ ಎರಡು ಸಾಲಿನ ತುಣುಕು ಕಾಣಿಸುತ್ತದೆ. ಅದನ್ನು ನಕಲು ಮಾಡಿ ಮುಂದೆ ಓಡಬೇಡಿ. ಪುಟವನ್ನು ಸಂಪುಟದ ಒಳಗೇ ತೆರೆಯಿರಿ. ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ತಿರುವಿ. ಇದು ಸಂದರ್ಶನವೋ, ಓದುಗರ ಪತ್ರವೋ, ಸೋಪಿನ ಜಾಹೀರಾತೋ ಎಂದು ಆಗ ಗೊತ್ತಾಗುತ್ತದೆ.

ಜಾಹೀರಾತು ಅಂದದ್ದು ಸುಮ್ನೆ ಅಲ್ಲ. ಹಾಲಿವುಡ್‌ನ 10 ತಾರೆಯರಲ್ಲಿ 9 ಮಂದಿ ಲಕ್ಸ್ ಬಳಸುತ್ತಾರೆ ಎನ್ನುವ ಪ್ರಚಾರ ಈ ಪತ್ರಿಕೆಗಳ ತುಂಬ ಇದೆ. ತಾರೆಯ ಫೋಟೋ, ತಾರೆಯ "ಮಾತು", ಎಲ್ಲವೂ ಲೇಖನದ ಥರವೇ ಜೋಡಿಸಿರುತ್ತಾರೆ. ಅದನ್ನು ಸಂದರ್ಶನ ಅಂದುಕೊಂಡು ಉಲ್ಲೇಖಿಸಿದವರನ್ನು ನೋಡಿದ್ದೇನೆ.

ಲೇಖನದ ಬಾಲವನ್ನೂ ಹುಡುಕಿ. ಸಂಚಿಕೆಯ ಮೊದಲಿನ ಚಂದದ ಪುಟಗಳಲ್ಲಿ ಶುರುವಾಗುವ ಲೇಖನ "98ನೇ ಪುಟಕ್ಕೆ" ಎಂದು ಜಿಗಿದು, ಸಂಚಿಕೆಯ ಕೊನೆಯ ಜಾಹೀರಾತುಗಳ ನಡುವಿನ ಸಣ್ಣ ಕಾಲಮ್ಮಿಗೆ ಇಳಿಯುತ್ತದೆ. ಕೆಲವು ಸಲ ಅಲ್ಲಿಂದ ಇನ್ನೂ ಕೊನೆಯತ್ತ. ಮೊದಲಲ್ಲಿ ಹೊಗಳಿಕೆ, ಕೊನೆಯಲ್ಲಿ ಹುರುಳು, ಇದು ನನ್ನ ಅನುಭವ. ಬಾಲದಲ್ಲಿ ತಾರೆಯ ಹೆಸರೇ ಇಲ್ಲದೆ ಬರೀ "ಅವಳು" ಎಂದಿದ್ದರೆ ಹುಡುಕಾಟಕ್ಕೆ ಅದು ಸಿಗುವುದೂ ಇಲ್ಲ. ಕೈಯಾರೆ ತಿರುವಬೇಕು.

ಪುಟಸಂಖ್ಯೆಯ ಬಗ್ಗೆ ಒಂದು ಮಾತು. ಸ್ಕ್ಯಾನ್ ಆಗಿರುವುದು ಸಾಮಾನ್ಯವಾಗಿ ಆರು ತಿಂಗಳ ಸಂಚಿಕೆ ಸೇರಿಸಿ ಹೊಲಿದ ಬೈಂಡ್ ಪುಸ್ತಕ. ಕಂಪ್ಯೂಟರ್ ತೋರಿಸುವ ಸಂಖ್ಯೆ ಆ ಬೈಂಡಿನ ಹಾಳೆಯದು, ಕಾಗದದ ಮೇಲೆ ಅಚ್ಚಾದ ಸಂಖ್ಯೆ ಬೇರೆ. ನಾನು ಶುರುವಿನಲ್ಲಿ ನಲವತ್ತಕ್ಕೂ ಹೆಚ್ಚು ಟಿಪ್ಪಣಿಗಳಲ್ಲಿ ಹಾಳೆ ಸಂಖ್ಯೆಯನ್ನೇ ಪುಟಸಂಖ್ಯೆ ಅಂತ ಬರೆದಿಟ್ಟುಕೊಂಡಿದ್ದೆ. ಯಾವ ತಿಂಗಳ ಸಂಚಿಕೆ ಎಂದು ಗುರುತು ಹಾಕಿರಲಿಲ್ಲ. ಎರಡು ಭಾನುವಾರ ಅದಕ್ಕೇ ಹೋಯಿತು.

ಹಂತ 5: ಯಾರು ಮಾತಾಡುತ್ತಿದ್ದಾರೆ ಎಂದು ಕೇಳಿ

ಬರೆದವರ ಹೆಸರಿದೆಯಾ? ಅದು ನಿಜವಾದ ಮನುಷ್ಯರ ಹೆಸರಾ? ಫೋಟೋಪ್ಲೇ ಗಾಸಿಪ್ ಕಾಲಮ್ಮಿನ 'ಕ್ಯಾಲ್ ಯಾರ್ಕ್' ಎಂಬ ಮನುಷ್ಯನೇ ಇರಲಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಎರಡನ್ನೂ ಕತ್ತರಿಸಿ ಹೊಲಿದ ಹೆಸರು ಅದು. ಅವನ ಸುದ್ದಿಗೆ "ಕ್ಯಾಲ್ ಯಾರ್ಕ್ ಎಂಬ ವರದಿಗಾರ ಕಂಡಂತೆ" ಎಂದು ಬರೆದರೆ ನಗೆಪಾಟಲು.

ಹೆಸರು ನಿಜವಾದರೂ ಮಾತು ಯಾರದು ಎನ್ನುವ ಪ್ರಶ್ನೆ ಉಳಿಯುತ್ತದೆ. ಒಳಗೆ ಬಿಡುವುದು, ಫೋಟೋ ಕೊಡುವುದು, ಸಂದರ್ಶನ ಗೊತ್ತುಮಾಡುವುದು ಎಲ್ಲ ಸ್ಟುಡಿಯೋ ಪ್ರಚಾರ ವಿಭಾಗದ ಕೈಯಲ್ಲಿತ್ತು. 1934ರಲ್ಲಿ ಸ್ಟುಡಿಯೋಗಳು ಇನ್ನೂ ಬಿಗಿ ಮಾಡಿದವು. ಯಾವ ಲೇಖಕರಿಗೆ ಪ್ರವೇಶ ಎಂದು ಪಟ್ಟಿ ಮಾಡಿದವು, ಬರೆದದ್ದನ್ನು ಅಚ್ಚಿಗೆ ಮುಂಚೆ ತಮಗೆ ತೋರಿಸಬೇಕೆಂದವು. ಹಾಗಾಗಿ 1934ರ ನಂತರದ ಮಧುರ ಮಾತುಗಳನ್ನು ಓದುವಾಗ ಸ್ಟುಡಿಯೋದ ಕೆಂಪು ಪೆನ್ಸಿಲ್ ಕಣ್ಣ ಮುಂದಿರಲಿ.

ಪತ್ರಿಕೆಯೇ ಕಥೆಯ ಪಾತ್ರಧಾರಿಯಾಗಿರುವುದೂ ಉಂಟು. ನಟಿ ಕ್ಲಾರಾ ಬೋ 1921ರಲ್ಲಿ ಗೆದ್ದ 'ಫೇಮ್ ಅಂಡ್ ಫಾರ್ಚೂನ್' ಸ್ಪರ್ಧೆ ನಡೆಸಿದ್ದು ಮೋಷನ್ ಪಿಕ್ಚರ್ ಮ್ಯಾಗಜಿನ್ ಗುಂಪಿನ ಬ್ರೂಸ್ಟರ್ ಪತ್ರಿಕೆಗಳೇ. ಆ ಪತ್ರಿಕೆಗಳು ಅವಳ ಬಗ್ಗೆ ಬರೆದದ್ದರಲ್ಲಿ ಅಷ್ಟಿಷ್ಟು ಬೆನ್ನು ತಟ್ಟಿಕೊಳ್ಳುವುದೂ ಇರುತ್ತದೆ. ಸಹಜ ತಾನೇ?

ಹಂತ 6: ಎಚ್ಚರಿಕೆಯ ಗುರುತುಗಳನ್ನು ಹಿಡಿಯಿರಿ

ಹುಟ್ಟೂರು ತೀರಾ ರಮ್ಯವಾಗಿದ್ದರೆ ಅನುಮಾನಿಸಿ. ಮೂಕಿ ಕಾಲದ ನಟಿ ಥೀಡಾ ಬಾರಾಳನ್ನು ಸಹಾರಾ ಮರಳಿನಲ್ಲಿ ಹುಟ್ಟಿದವಳು ಎಂದು ಫಾಕ್ಸ್ ಕಂಪನಿಯ ಪ್ರಚಾರದವರು ಸಾರಿದರು. ಅವಳು ಒಹಾಯೋ ರಾಜ್ಯದ ಸಿನ್‌ಸಿನಾಟಿಯ ಥಿಯೋಡೋಸಿಯಾ ಗುಡ್‌ಮನ್. ನಟ, ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್ ತಾನು ಆಸ್ಟ್ರಿಯಾದ ಕುಲೀನ ಸೇನಾಧಿಕಾರಿ ಎಂದು ಹೇಳಿಕೊಂಡ. ಅವನಪ್ಪ ವಿಯೆನ್ನಾದಲ್ಲಿ ಟೋಪಿ ಮಾಡುತ್ತಿದ್ದ ಯಹೂದಿ.

ಕೆಲವರಿಗೆ ಈ ಸುಳ್ಳು ಶೋಕಿಯಾಗಿರಲಿಲ್ಲ. ನಟಿ ಮರ್ಲ್ ಓಬೆರಾನ್ ಹುಟ್ಟಿದ್ದು ಬೊಂಬಾಯಿಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ. ಪ್ರಚಾರದ ಪ್ರಕಾರ ಅವಳೂರು ಆಸ್ಟ್ರೇಲಿಯಾದ ಟಾಸ್ಮೇನಿಯಾ. ಭಾರತೀಯ ರಕ್ತ ಇದೆ ಎಂದು ತಿಳಿದರೆ ನಾಯಕಿಯ ಪಾತ್ರವೇ ತಪ್ಪಬಹುದಾದ ಕಾಲ ಅದು. ನಟಿಯಾಗಿದ್ದಷ್ಟು ಕಾಲವೂ ಅವಳು ಆ ಕಥೆಯನ್ನು ಬಿಡಲಿಲ್ಲ. ಇಂಥ ಕಡೆ "ಪತ್ರಿಕೆ ಸುಳ್ಳು ಹೇಳಿತು" ಎಂದು ನಗುವ ಮೊದಲು ಯಾರ ಭಯಕ್ಕೆ ಹೇಳಿತು ಎಂದು ನಿಮ್ಮ ಏಳನೆಯ ಕಾಲಮ್ಮಿನಲ್ಲಿ ಬರೆದುಕೊಳ್ಳಿ.

ಉಳಿದ ಗುರುತುಗಳು ಸುಲಭದವು. ಒಂದೇ ಹೇಳಿಕೆ ಎರಡು ಮೂರು ಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ಥರ ಇದ್ದರೆ ಅದು ಸ್ಟುಡಿಯೋ ಹಂಚಿದ ಕಾಗದ. ವಯಸ್ಸು ವರ್ಷದಿಂದ ವರ್ಷಕ್ಕೆ ಏರದಿದ್ದರೆ ಹುಟ್ಟಿದ ಇಸವಿಯನ್ನು ನಂಬಬೇಡಿ. ಫೋಟೋಗಳಲ್ಲಿ ಚರ್ಮ ಹಾಲಿನಂತಿದ್ದರೆ ನೆಗೆಟಿವ್ ತಿದ್ದಿದ್ದಾರೆ. ಮುಖಪುಟ ಎಷ್ಟೋ ವರ್ಷ ಫೋಟೋವೇ ಆಗಿರಲಿಲ್ಲ, ಕಲಾವಿದರು ಬಿಡಿಸಿದ ಚಿತ್ರ. ಕಣ್ಣಿನ ಬಣ್ಣವನ್ನು ಅದರಿಂದ ತೀರ್ಮಾನಿಸಬೇಡಿ.

ಎಲ್ಲವೂ ಬೊಗಳೆ ಎಂದು ತಳ್ಳಿಹಾಕುವುದೂ ಅಷ್ಟೇ ದೊಡ್ಡ ತಪ್ಪು. 1939ರ ಜನವರಿ ಸಂಚಿಕೆಯಲ್ಲಿ ಫೋಟೋಪ್ಲೇ ಮದುವೆಯಾಗದೆ ಗಂಡ-ಹೆಂಡಿರಂತೆ ಇರುವ ತಾರಾ ಜೋಡಿಗಳ ಬಗ್ಗೆ ಹೆಸರು ಹಾಕಿ ಬರೆಯಿತು. ಕ್ಲಾರ್ಕ್ ಗೇಬಲ್-ಕ್ಯಾರೊಲ್ ಲೊಂಬಾರ್ಡ್ ಅದರಲ್ಲಿದ್ದರು, ರಾಬರ್ಟ್ ಟೇಲರ್-ಬಾರ್ಬರಾ ಸ್ಟ್ಯಾನ್‌ವಿಕ್ ಕೂಡ. ಮೊದಲ ಜೋಡಿ ಮಾರ್ಚ್‌ನಲ್ಲಿ, ಎರಡನೆಯದು ಮೇ ತಿಂಗಳಲ್ಲಿ ಮದುವೆಯಾಯಿತು. ಆ ಸಂಚಿಕೆ ಸ್ಟುಡಿಯೋದವರಿಗೆ ಹಿತವಾಗಿರಲಾರದು.

ಹಂತ 7: ಹೊರಗಿನ ಒಂದು ಸಾಕ್ಷಿ ತನ್ನಿ

ಪ್ರತಿ ಮುಖ್ಯ ಸಂಗತಿಗೆ ಫ್ಯಾನ್ ಪತ್ರಿಕೆಯ ಹೊರಗಿನ ಒಂದಾದರೂ ಆಧಾರ ಬೇಕು. ಇನ್ನೊಂದು ಫ್ಯಾನ್ ಪತ್ರಿಕೆ ಲೆಕ್ಕಕ್ಕಿಲ್ಲ. ಚಿತ್ರದ ಬಿಡುಗಡೆ, ತಂಡದ ಹೆಸರುಗಳಿಗೆ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಕೆಟಲಾಗ್ ಇದೆ. ದಿನಪತ್ರಿಕೆಗಳಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾ ಇದೆ. ತಾರೀಖುಗಳಿಗೆ ಉದ್ಯಮದ ಪತ್ರಿಕೆಗಳಿವೆ.

ಸಾಬುವನ್ನು ಯಾರು "ಕಂಡುಹಿಡಿದರು" ಎಂಬುದನ್ನೇ ತಗೊಳ್ಳಿ. ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲ್ ಎಂದು ಒಂದು ಕಥೆ, ನಿರ್ದೇಶಕ ಫ್ಲಾಹರ್ಟಿ ಎಂದು ಇನ್ನೊಂದು. ಇಂಥ ಕಡೆ ಒಂದನ್ನು ಆರಿಸಿ ಸತ್ಯ ಅಂತ ಸಾರಬೇಡಿ. ಯಾವ ತಿಂಗಳ ಯಾವ ಪತ್ರಿಕೆ ಯಾರ ಹೆಸರು ಹೇಳಿತು ಎಂದು ಬರೆಯಿರಿ. ಹೇಳಿಕೆ ಹೇಗೆ ಬದಲಾಯಿತು ಎನ್ನುವುದೇ ಒಳ್ಳೆಯ ಲೇಖನ.

ಹಂತ 8: ನಿರ್ದೇಶಕರಾದರೆ ದಾರಿ ಬದಲಿಸಿ

ಫ್ಯಾನ್ ಪತ್ರಿಕೆಗಳಿಗೆ ಮುಖ ಬೇಕು. ಡಿಮಿಲ್, ಸ್ಟ್ರೋಹೈಮ್‌ರಂಥ ಕೆಲವರು ತಾವೇ ತಾರೆಗಳಾಗಿದ್ದರು, ಅವರು ಸುಲಭಕ್ಕೆ ಸಿಗುತ್ತಾರೆ. ಮಿಕ್ಕವರು ಫೋಟೋ ಕೆಳಗಿನ ಸಾಲಿನಲ್ಲಿ, ವಿಮರ್ಶೆಯ ಕೊನೆಯ ವಾಕ್ಯದಲ್ಲಿ ಇರುತ್ತಾರೆ. ಆದ್ದರಿಂದ ನಿರ್ದೇಶಕರ ಹೆಸರು ಬಿಟ್ಟು ಚಿತ್ರದ ಹೆಸರು ಮತ್ತು ನಾಯಕಿಯ ಹೆಸರು ಸೇರಿಸಿ ಹುಡುಕಿ. ಫೋಟೋಪ್ಲೇಯ ವಿಮರ್ಶೆಗಳು 'ಶ್ಯಾಡೋ ಸ್ಟೇಜ್' ಎಂಬ ವಿಭಾಗದಲ್ಲಿರುತ್ತವೆ. ಓದುಗರ ಬೈಗುಳ, ಮೆಚ್ಚುಗೆ 'ಬ್ರಿಕ್‌ಬ್ಯಾಟ್ಸ್ ಅಂಡ್ ಬೊಕೇಸ್' ವಿಭಾಗದಲ್ಲಿ. ಆಮೇಲೆ ಉದ್ಯಮದ ಪತ್ರಿಕೆಗಳಿಗೆ ಹೋಗಿ. ನಿರ್ದೇಶಕರ ನಿಜವಾದ ಸುದ್ದಿ ಮುಕ್ಕಾಲು ಪಾಲು ಅಲ್ಲೇ.

'ಎಲಿಫೆಂಟ್ ಬಾಯ್'ಗೆ ಇಬ್ಬರು ನಿರ್ದೇಶಕರು. ರಾಬರ್ಟ್ ಫ್ಲಾಹರ್ಟಿ ಮೈಸೂರಿನಲ್ಲಿ ಆನೆಗಳ ಜೊತೆ ಚಿತ್ರೀಕರಿಸಿದ. ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಕಥೆಯ ಭಾಗ ತೆಗೆದ. 1937ರ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರಿಗೂ ಬಂತು. ಒಬ್ಬನ ಹೆಸರಲ್ಲಿ ಮಾತ್ರ ಹುಡುಕಿದರೆ ಅರ್ಧ ಚಿತ್ರದ ಸುದ್ದಿ ಹೊರಗೇ ಉಳಿಯುತ್ತದೆ. ಇನ್ನು ಹುಷಾರಾಗಿರಬೇಕಾದ್ದು 'ಕೋರ್ಡಾ' ಎಂಬ ಹೆಸರಿನಲ್ಲಿ. ನಿರ್ಮಾಪಕ ಅಲೆಕ್ಸಾಂಡರ್ ಜೋಲ್ಟಾನ್‌ನ ಅಣ್ಣ, ಕಲಾ ನಿರ್ದೇಶಕ ವಿನ್ಸೆಂಟ್ ತಮ್ಮ. ಬರೀ ಮನೆತನದ ಹೆಸರು ಕಂಡರೆ ಯಾರು ಎಂದು ಸಾಲು ಓದಿಯೇ ನಿರ್ಧರಿಸಿ.

ಹಂತ 9: ಬರೆದಿಡಿ, ಆಮೇಲೆ ಬಳಸಿ

ಸಿಕ್ಕ ತಕ್ಷಣ ಏಳೂ ಕಾಲಂ ತುಂಬಿ. ಪುಟದ ಚಿತ್ರವನ್ನೂ ಇಳಿಸಿಟ್ಟುಕೊಳ್ಳಿ, ಫೈಲಿಗೆ ಪತ್ರಿಕೆ-ವರ್ಷ-ತಿಂಗಳು-ಪುಟ ಎಂಬ ಕ್ರಮದಲ್ಲೇ ಹೆಸರಿಡಿ.

ಚಿತ್ರವನ್ನು ಮರುಮುದ್ರಿಸುವುದಾದರೆ ಹಕ್ಕು ನೋಡಿ. ಅಮೆರಿಕದಲ್ಲಿ ಆಗಿನ ಪ್ರಕಟಣೆಗಳಿಗೆ ಗರಿಷ್ಠ 95 ವರ್ಷ. ಆ ವರ್ಷ ಮುಗಿದು ಬರುವ ಜನವರಿ 1ಕ್ಕೆ ಸಾರ್ವಜನಿಕ ಸ್ವತ್ತು. 1963ರವರೆಗಿನವಕ್ಕೆ 28ನೇ ವರ್ಷದಲ್ಲಿ ನವೀಕರಣ ಮಾಡಿಸಬೇಕಿತ್ತು, ಮಾಡಿಸದವು ಮೊದಲೇ ಮುಕ್ತವಾಗಿವೆ. ಸ್ಕ್ಯಾನ್ ಉಚಿತವಾಗಿ ಸಿಕ್ಕಿತು ಎಂದ ಮಾತ್ರಕ್ಕೆ ಒಳಗಿನ ಫೋಟೋ ಮುಕ್ತ ಎಂದಲ್ಲ.

ಎರಡು ಸಂಜೆ ಕೂತರೂ ಏನೂ ಸಿಗದಿದ್ದರೆ ಆ ತಿಂಗಳ ಸಂಚಿಕೆ ಸ್ಕ್ಯಾನ್ ಆಗಿದೆಯಾ ಎಂದು ಮೊದಲು ನೋಡಿ. ಎಲ್ಲ ಸಂಪುಟಗಳೂ ಅಲ್ಲಿಲ್ಲ. ಇದ್ದೂ ಸಿಗದಿದ್ದರೆ ಪರಿವಿಡಿಯಿಂದ ಕೈಯಾರೆ ತಿರುವಿ. ಅದೂ ಆಗದಿದ್ದರೆ ಬೆವರ್ಲಿ ಹಿಲ್ಸ್‌ನಲ್ಲಿರುವ, ಆಸ್ಕರ್ ಕೊಡುವ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯಕ್ಕೆ ಮಿಂಚಂಚೆ ಬರೆದು ವಿಚಾರಿಸಬಹುದು. ಪ್ರಶ್ನೆ ಚಿಕ್ಕದಾಗಿ, ವರ್ಷ ಮತ್ತು ಪತ್ರಿಕೆಯ ಹೆಸರಿನೊಂದಿಗೆ ಇರಲಿ.

ಏನೂ ಸಿಗದ ಸಂಪುಟದ ಸಾಲನ್ನು ಸ್ಪ್ರೆಡ್‌ಶೀಟಿನಲ್ಲಿ ಖಾಲಿ ಬಿಡಬೇಡಿ. "ಪೂರ್ತಿ ನೋಡಿದೆ, ಇಲ್ಲ" ಎಂದು ತಾರೀಖು ಹಾಕಿ ಬರೆಯಿರಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಅದೇ ಸಂಪುಟವನ್ನು ಮತ್ತೆ ಹೊಸ ಉತ್ಸಾಹದಲ್ಲಿ ತೆರೆಯುತ್ತೀರಿ. ನಾನು ಮೂರು ಸಲ ತೆರೆದಿದ್ದೇನೆ.